ಗಣಕಯಂತ್ರದ ನೆನಪು

ಮನುಷ್ಯನ ನೆನಪು ಎರಡು ಬಗೆಯದು. ಬಾಲ್ಯದಲ್ಲಿ ಕಲಿತ ಮಗ್ಗಿ ಮುಪ್ಪಿನವರೆಗೂ ಉಳಿಯುತ್ತದೆ. ಕೂಡುವ ಲೆಕ್ಕದಲ್ಲಿ ‘ಕೈಯಲ್ಲಿ ಒಂದು’ ಎಂದು ಹಿಡಿದ ದಶಕವಾದರೋ ಲೆಕ್ಕ ಮುಗಿದೊಡನೆ ಮರೆತುಹೋಗುತ್ತದೆ. ಗಣಕಯಂತ್ರಕ್ಕೂ ಹೀಗೆಯೇ ಎರಡು ನೆನಪುಗಳುಂಟು. ಕಡತಗಳನ್ನು ಬಹುಕಾಲ ಕಾದಿಡುವ ಡಿಸ್ಕ್ ಒಂದು. ಕೆಲಸ ನಡೆಯುವಷ್ಟು ಹೊತ್ತು ಮಾತ್ರ ಬೇಕಾದುದನ್ನು ಹಿಡಿದಿಡುವ ಸ್ಮೃತಿ ಇನ್ನೊಂದು. ಈ ಎರಡನೆಯದನ್ನೇ ರೂಢಿಯಲ್ಲಿ ರ‍್ಯಾಮ್ ಎನ್ನುತ್ತಾರೆ.

ಮದುವೆಯ ಮನೆಯ ಅಡುಗೆಯನ್ನು ನೀವು ನೋಡಿರಬಹುದು. ಅಕ್ಕಿ ಬೇಳೆಗಳೆಲ್ಲ ಉಗ್ರಾಣದಲ್ಲಿರುತ್ತವೆ. ಬಾಣಸಿಗನು ಆ ಹೊತ್ತಿಗೆ ಬೇಕಾದುದನ್ನು ಮಾತ್ರ ಒಲೆಯ ಬಳಿ ಹರಡಿಕೊಳ್ಳುತ್ತಾನೆ. ಒಲೆಯ ಬಳಿ ಎಡೆ ಸಾಲದಿದ್ದರೆ ಚಿಟಿಕೆ ಸಾಸಿವೆಗೂ ಉಗ್ರಾಣಕ್ಕೆ ಓಡಬೇಕು. ಉಗ್ರಾಣ ಎಷ್ಟು ದೊಡ್ಡದಾದರೂ, ಬಾಣಸಿಗ ಎಷ್ಟು ನಿಪುಣನಾದರೂ ಅಡುಗೆ ತಡವಾಗುತ್ತದೆ. ಇಲ್ಲಿ ಡಿಸ್ಕ್ ಉಗ್ರಾಣ, ಸ್ಮೃತಿಯು ಒಲೆಯ ಬಳಿಯ ಎಡೆ, ಪ್ರಾಸೆಸರ್ ಬಾಣಸಿಗ.

ಬೆಂಗಳೂರಿನ ಪೂರ್ವಭಾಗದಲ್ಲಿರುವ ಹೊರಮಾವಿನ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಅಲ್ಲಿ 4 ಗಿಗಾಬೈಟ್ ಸ್ಮೃತಿಯುಳ್ಳ ಹಳೆಯ ಗಣಕವೊಂದಿದೆ. ಮಗಳ ಪಾಠ, ತಾಯಿಯ ಹೊಲಿಗೆ ಅಂಗಡಿಯ ಲೆಕ್ಕ ಎಲ್ಲವೂ ಅದರಲ್ಲೇ. ಮೂರು ನಾಲ್ಕು ಕೆಲಸ ಒಟ್ಟಿಗೆ ತೆರೆದರೆ ಯಂತ್ರ ಏದುಸಿರು ಬಿಡುತ್ತದೆ. ‘ಇದಕ್ಕೆ ವಯಸ್ಸಾಯಿತು, ಹೊಸದನ್ನೇ ಕೊಳ್ಳಬೇಕು’ ಎಂದು ಮನೆಯವರು ಚಿಂತಿಸುತ್ತಾರೆ. ಆದರೆ ಅದಕ್ಕೆ ಬಂದಿರುವುದು ಮುಪ್ಪೋ, ಕೇವಲ ಎಡೆಯ ಕೊರತೆಯೋ? ಹಣ ಸುರಿಯುವ ಮುನ್ನ ಇದನ್ನು ವಿಚಾರಿಸಬೇಕು. ಕೆಲಸ ನಡೆಯುತ್ತಿರುವಾಗ ಎಷ್ಟು ಸ್ಮೃತಿ ಬಳಕೆಯಾಗುತ್ತಿದೆ ಎಂಬುದನ್ನು ಯಂತ್ರವೇ ತೋರಿಸುತ್ತದೆ. ಅದು ಸದಾ ತುಂಬಿತುಳುಕುತ್ತಿದ್ದರೆ ಸ್ಮೃತಿಯನ್ನು ಹೆಚ್ಚಿಸುವುದೇ ಮದ್ದು. ಹಾಗಿಲ್ಲದಿದ್ದರೆ ದೋಷ ಬೇರೆಡೆ ಇದೆಯೆಂದು ತಿಳಿಯಬೇಕು.

ಈ ಸ್ಮೃತಿ ಆದುದಾದರೂ ಹೇಗೆ? 1950ರ ದಶಕದ ಗಣಕಗಳಲ್ಲಿ ಸಾಸಿವೆಯಂಥ ಕಾಂತೀಯ ಉಂಗುರಗಳನ್ನು ತಂತಿಯಲ್ಲಿ ಪೋಣಿಸಿ ಸ್ಮೃತಿಯನ್ನು ಹೆಣೆಯುತ್ತಿದ್ದರು. 1966ರಲ್ಲಿ ಅಮೆರಿಕದ ಐ.ಬಿ.ಎಂ. ಸಂಸ್ಥೆಯ ರಾಬರ್ಟ್ ಡೆನಾರ್ಡ್ ಎಂಬ ವಿಜ್ಞಾನಿಗೆ ಹೊಸ ಉಪಾಯ ಹೊಳೆಯಿತು. ಒಂದು ಟ್ರಾನ್ಸಿಸ್ಟರು, ವಿದ್ಯುತ್ತನ್ನು ಹಿಡಿದಿಡುವ ಒಂದು ಕಿರುಧಾರಕ, ಇಷ್ಟರಿಂದಲೇ ಒಂದು ಬಿಟ್ಟನ್ನು ನೆನಪಿಡಬಹುದೆಂದು ಅವರು ಕಂಡುಕೊಂಡರು. ಆದರೆ ಈ ಧಾರಕ ತೂತು ಕೊಡದಂತೆ. ತುಂಬಿದ ವಿದ್ಯುತ್ತು ಸೋರುತ್ತಲೇ ಇರುತ್ತದೆ. ಆದ್ದರಿಂದ ಸೆಕೆಂಡಿಗೆ ಹದಿನೈದಕ್ಕೂ ಹೆಚ್ಚು ಬಾರಿ ಅದನ್ನು ಮತ್ತೆ ತುಂಬಬೇಕು. ವಿದ್ಯುತ್ತು ಹೋದೊಡನೆ ಉಳಿಸದ ಬರಹ ಅಳಿದುಹೋಗುವುದು ಇದರಿಂದಲೇ. 1970ರಲ್ಲಿ ಇಂಟೆಲ್ ಸಂಸ್ಥೆ ಹೊರತಂದ ಸ್ಮೃತಿಯ ಬಿಲ್ಲೆ ಕೇವಲ 1024 ಬಿಟ್‌ಗಳನ್ನು ಹಿಡಿಯುತ್ತಿತ್ತು. ಇಂದಿನ 8 ಗಿಗಾಬೈಟಿನ ಒಂದು ಪಟ್ಟಿಯು ಅಂಥ 6 ಕೋಟಿ 71 ಲಕ್ಷ ಬಿಲ್ಲೆಗಳಿಗೆ ಸಮ!

ಇನ್ನು ಸ್ಮೃತಿಯನ್ನು ಜೋಡಿಸುವ ಕ್ರಮ. ಎಲ್ಲ ಪಟ್ಟಿಗಳೂ ಎಲ್ಲ ಯಂತ್ರಗಳಿಗೂ ಒಗ್ಗುವುದಿಲ್ಲ. ಡಿ.ಡಿ.ಆರ್. 3, 4, 5 ಎಂಬ ಪೀಳಿಗೆಗಳಲ್ಲಿ ಪಟ್ಟಿಯ ಅಂಚಿನ ಕಚ್ಚು ಬೇರೆ ಬೇರೆ ಸ್ಥಳದಲ್ಲಿರುತ್ತದೆ. ಒಂದರ ಗೂಡಿನಲ್ಲಿ ಇನ್ನೊಂದು ಕೂರದು. ಮದರ್‌ಬೋರ್ಡು ಎಷ್ಟು ಸ್ಮೃತಿಯನ್ನು ತಾಳಬಲ್ಲದೆಂಬುದಕ್ಕೂ ಮಿತಿಯುಂಟು. ಇವನ್ನು ಕೈಪಿಡಿಯಲ್ಲಿ ನೋಡಿಕೊಂಡ ಮೇಲೆಯೇ ಎಸ್.ಪಿ. ರಸ್ತೆಯ ಅಂಗಡಿಗಳತ್ತ ಹೊರಡುವುದು ಜಾಣತನ.

ಮೊದಲು ಯಂತ್ರವನ್ನು ನಿಲ್ಲಿಸಿ, ವಿದ್ಯುತ್ತಿನ ತಂತಿಯನ್ನು ಗೋಡೆಯಿಂದ ಕಿತ್ತು, ಗುಂಡಿಯನ್ನು ಕೆಲವು ಕ್ಷಣ ಒತ್ತಿ ಹಿಡಿಯಬೇಕು. ಒಳಗೆ ಉಳಿದ ವಿದ್ಯುತ್ತು ಇಳಿದುಹೋಗುತ್ತದೆ. ವಿದ್ಯುತ್ತು ಪೂರೈಸುವ ಒಳಗಿನ ಮುಚ್ಚಿದ ಪೆಟ್ಟಿಗೆಯನ್ನು ಎಂದೂ ಬಿಚ್ಚಬಾರದು. ಹೊರಕವಚವನ್ನು ತೆಗೆದ ಮೇಲೆ ಅದರ ಚೌಕಟ್ಟಿನ ಬರಿಯ ಲೋಹವನ್ನು ಮುಟ್ಟಬೇಕು. ಒಣಹವೆಯ ದಿನಗಳಲ್ಲಿ ನಮ್ಮ ಮೈಯಲ್ಲಿ ಸ್ಥಾಯೀ ವಿದ್ಯುತ್ತು ಸೇರಿಕೊಂಡಿರುತ್ತದೆ. ನಮ್ಮ ಅರಿವಿಗೇ ಬಾರದಷ್ಟು ಅಲ್ಪ ಕಿಡಿಯೂ ಬಿಲ್ಲೆಯನ್ನು ಕೆಡಿಸಬಲ್ಲದು. ಪಟ್ಟಿಯ ಹೊಂಬಣ್ಣದ ತುದಿಗಳನ್ನು ಮುಟ್ಟದೆ ಅಂಚುಗಳನ್ನಷ್ಟೇ ಹಿಡಿದು, ಗೂಡಿನ ಚಿಲಕವನ್ನು ತೆರೆದು, ಕಚ್ಚನ್ನು ಹೊಂದಿಸಿ, ಎರಡು ತುದಿಗಳನ್ನೂ ಸಮವಾಗಿ ಒತ್ತಬೇಕು. ‘ಟಕ್’ ಎಂದು ಚಿಲಕ ಬಿದ್ದರೆ ಪಟ್ಟಿ ಸರಿಯಾಗಿ ಕೂತಿತೆಂದು ತಿಳಿಯಬೇಕು. ಕೂರದಿದ್ದರೆ ಬಲಪ್ರಯೋಗ ಸಲ್ಲದು. ತೆಗೆದು ಮತ್ತೆ ನೋಡಬೇಕು. ಬಳಿಕ ಯಂತ್ರವನ್ನು ನಡೆಸಿ, ಹೊಸ ಸ್ಮೃತಿ ಲೆಕ್ಕಕ್ಕೆ ಬಂದಿದೆಯೇ ಎಂದು ಪರೀಕ್ಷಿಸಬೇಕು. ಮೊದಲ ಬಾರಿ ಈ ಕೆಲಸಕ್ಕೆ ಕೈಹಾಕುವ ವಿದ್ಯಾರ್ಥಿಗಳು ತಿಳಿದ ಹಿರಿಯರನ್ನು ಬಳಿಯಲ್ಲಿರಿಸಿಕೊಳ್ಳುವುದು ಒಳ್ಳೆಯದು.

ಬೆರಳಗಲದ ಒಂದು ಪಟ್ಟಿಯಿಂದ ಯಂತ್ರಕ್ಕೆ ಇನ್ನಷ್ಟು ವರ್ಷ ಆಯುಸ್ಸು ದೊರೆಯಬಹುದು. ಉಳಿಯುವುದು ಹಣವೊಂದೇ ಅಲ್ಲ. ಎಸೆದ ಗಣಕಗಳಲ್ಲಿರುವ ಸೀಸದಂಥ ವಿಷಲೋಹಗಳು ನೆಲಕ್ಕೂ ನೀರಿಗೂ ಕೇಡು. ಇಂಥ ತ್ಯಾಜ್ಯದ ನಿರ್ವಹಣೆಗಾಗಿಯೇ ಭಾರತ ಸರ್ಕಾರವು 2022ರಲ್ಲಿ ರಚಿಸಿದ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಆದರೆ ತ್ಯಾಜ್ಯವನ್ನು ಸಂಗ್ರಹಿಸುವುದಕ್ಕಿಂತ ತ್ಯಾಜ್ಯವಾಗದಂತೆ ನೋಡಿಕೊಳ್ಳುವುದು ಮೇಲು. ಹರಿದ ಚೀಲಕ್ಕೆ ತೇಪೆ ಹಾಕಿ, ಸವೆದ ನೇಗಿಲಿಗೆ ಹೊಸ ಕುಳ ಹೂಡಿ ಬಾಳಿದವರು ನಮ್ಮ ಹಿರಿಯರು. ವಸ್ತುವನ್ನು ಕಡೆಗಣಿಸುವ ಮುನ್ನ ಅದನ್ನು ಅರಿಯಬೇಕು ಎಂಬ ಅವರ ವಿವೇಕ ಗಣಕಯಂತ್ರದ ವಿಷಯದಲ್ಲಿಯೂ ನಮಗೆ ದಾರಿದೀಪವಾಗಲಿ.