ಎಂಜಿನ್ ಬದಲಾಯಿತು, ಹೊಗೆಗೆ ದಾರಿ ಎಲ್ಲಿ?

ಹಳೆಯ ಕಾರಿನ ಸವೆದ ಎಂಜಿನ್ನನ್ನು ಎತ್ತಿ ಬದಿಗಿಟ್ಟು, ಗುಜರಿಯಿಂದ ತಂದ ಬೇರೆ ಗಾಡಿಯ ಎಂಜಿನ್ನನ್ನು ಅದೇ ಜಾಗದಲ್ಲಿ ಕೂರಿಸುವುದು ಅಮೆರಿಕದಲ್ಲಿ ಎಷ್ಟೋ ಮನೆಗಳ ಗ್ಯಾರೇಜಿನಲ್ಲಿ ನಡೆಯುವ ರಜಾದಿನದ ಕೆಲಸ. ಇದಕ್ಕೆ ಇಳಿದವರು ಮೊದಲು ತಲೆಕೆಡಿಸಿಕೊಳ್ಳುವುದು ಎಂಜಿನ್ ಕೂರುತ್ತದೋ ಇಲ್ಲವೋ, ಗೇರ್‌ಬಾಕ್ಸ್ ಹೊಂದುತ್ತದೋ ಇಲ್ಲವೋ ಎಂದು. ಎರಡೂ ಹೇಗೋ ಹೊಂದಿಕೊಳ್ಳುತ್ತವೆ. ಕೊನೆಗೆ ಕೈಕೊಡುವುದು ಯಾರೂ ಲೆಕ್ಕಕ್ಕೆ ಹಿಡಿಯದ ಇನ್ನೊಂದು ಸಂಗತಿ: ಉರಿದ ಹೊಗೆ ಎಂಜಿನ್ನಿನಿಂದ ಹೊರಬರಬೇಕಾದ ದಾರಿ.

ಕಂಪನಿಯಿಂದ ಬರುವ ಹೆಚ್ಚಿನ ಹಳೆಯ ಕಾರುಗಳಲ್ಲಿ ಆ ದಾರಿಯ ಮೊದಲ ತುಂಡು ಬೀಡುಕಬ್ಬಿಣದ ಮ್ಯಾನಿಫೋಲ್ಡ್. ಗಿಡ್ಡ, ದಪ್ಪ, ಅಗ್ಗ, ಗಟ್ಟಿ. ಸಿಲಿಂಡರುಗಳ ಹೊಗೆಯೆಲ್ಲ ಅದರೊಳಗೆ ಒಂದನ್ನೊಂದು ತಳ್ಳಿಕೊಂಡು ಹೊರಬೀಳುತ್ತದೆ. ಹೆಡರ್ ಇದಕ್ಕೆ ಬದಲಿ. ಅದರಲ್ಲಿ ಸಿಲಿಂಡರಿಗೊಂದರಂತೆ ಉಕ್ಕಿನ ಕೊಳವೆಗಳಿದ್ದು, ಅವು ಬಳುಕುತ್ತ ಕೆಳಗಿಳಿದು ಕಲೆಕ್ಟರ್ ಎಂಬ ಅಗಲ ಕೊಳವೆಯಲ್ಲಿ ಕೂಡಿಕೊಳ್ಳುತ್ತವೆ. ಎಂಟು ಸಿಲಿಂಡರಿನ ದೊಡ್ಡ ವಿ-8 ಎಂಜಿನ್ನಿನಲ್ಲಿ ಕೊಳವೆಯ ವ್ಯಾಸ ಸಾಮಾನ್ಯವಾಗಿ 44 ಮಿಲಿಮೀಟರಿನ ಆಸುಪಾಸು, ಗೋಡೆಯ ದಪ್ಪ ಒಂದೂವರೆ ಮಿಲಿಮೀಟರಿಗಿಂತ ಸ್ವಲ್ಪವೇ ಹೆಚ್ಚು.

ಹೊಗೆ ಹೊರಹೋಗಲು ಇಷ್ಟೆಲ್ಲ ಬಳುಕು ಯಾಕೆ? ಎಕ್ಸಾಸ್ಟ್ ವಾಲ್ವ್ ತೆರೆದುಕೊಳ್ಳುವ ಗಳಿಗೆಯಲ್ಲಿ ಸಿಲಿಂಡರಿನೊಳಗಿನ ಒತ್ತಡ ಹೊರಗಿನ ಗಾಳಿಯದಕ್ಕಿಂತ ಹಲವು ಪಟ್ಟು ಹೆಚ್ಚಿರುತ್ತದೆ. ಹಾಗಾಗಿ ಅನಿಲ ನಿಧಾನವಾಗಿ ಹರಿದು ಬರುವುದಿಲ್ಲ, ಗುಂಡಿನಂತೆ ಸಿಡಿದು ಬರುತ್ತದೆ. ನಿಮಿಷಕ್ಕೆ 6000 ಸುತ್ತು ತಿರುಗುವ ಎಂಜಿನ್ನಿನಲ್ಲಿ ಒಂದೊಂದು ಸಿಲಿಂಡರಿನಿಂದ ಸೆಕೆಂಡಿಗೆ 50 ಸಲ ಹೀಗೆ ಸಿಡಿತ. ಲಾರಿ ಹಾದುಹೋದ ಮೇಲೆ ರಸ್ತೆಯ ತರಗೆಲೆಗಳು ಅದರ ಬೆನ್ನಟ್ಟಿ ಹಾರುವುದಿಲ್ಲವೆ, ಹಾಗೆಯೇ ಪ್ರತಿ ಸಿಡಿತದ ಹಿಂದೆ ಒತ್ತಡ ಕುಸಿದ ಜಾಗವೊಂದು ಉಳಿಯುತ್ತದೆ. ಕೊಳವೆಗಳು ಕೂಡುವಲ್ಲಿ ಆ ಕುಸಿತ ಮುಂದಿನ ಸಿಲಿಂಡರಿನ ಪಾಳಿ ಬರುವ ಹೊತ್ತಿಗೆ ಸರಿಯಾಗಿ ಒದಗಿದರೆ, ಉಳಿದ ಹೊಗೆಯನ್ನು ಪಿಸ್ಟನ್ ಕಷ್ಟಪಟ್ಟು ತಳ್ಳಬೇಕಿಲ್ಲ. ಕೊಳವೆಯೇ ಎಳೆದುಕೊಳ್ಳುತ್ತದೆ.

ಇದರ ಜೊತೆಗೆ ಇನ್ನೊಂದು ಆಟವೂ ಉಂಟು. ಅನಿಲಕ್ಕಿಂತ ಮುಂದೆ ಒತ್ತಡದ ಅಲೆ ಓಡುತ್ತದೆ, ಅದೂ ಶಬ್ದದ ವೇಗದಲ್ಲಿ. ಕೋಣೆಯ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. 600 ಡಿಗ್ರಿ ಸೆಲ್ಸಿಯಸ್ ದಾಟಿದ ಹೊಗೆಯಲ್ಲಿ ಅದು 590 ಮೀಟರಿನ ಹತ್ತಿರ. ಈ ಅಲೆ ಕೊಳವೆ ಅಗಲವಾಗುವ ತುದಿಯನ್ನು ಮುಟ್ಟಿದಾಗ ತಿರುಗಿ ಬರುತ್ತದೆ. ಬರುವಾಗ ತಲೆಕೆಳಗಾಗಿರುತ್ತದೆ: ಹೋದದ್ದು ಹೆಚ್ಚಿದ ಒತ್ತಡ, ಮರಳುವುದು ಕುಗ್ಗಿದ ಒತ್ತಡ. 80 ಸೆಂಟಿಮೀಟರ್ ಉದ್ದದ ಕೊಳವೆಯಲ್ಲಿ ಹೋಗಿಬರಲು ಅದಕ್ಕೆ ಬೇಕಾಗುವುದು ಸೆಕೆಂಡಿನ ಸಾವಿರ ಭಾಗದಲ್ಲಿ ಮೂರಕ್ಕೂ ಕಡಿಮೆ. ಅಷ್ಟರಲ್ಲಿ 6000 ಸುತ್ತಿನ ಎಂಜಿನ್ನಿನ ಕ್ರ್ಯಾಂಕ್ ಸುಮಾರು 97 ಡಿಗ್ರಿ ತಿರುಗಿರುತ್ತದೆ. 3000 ಸುತ್ತಿನಲ್ಲಾದರೆ ಅದರ ಅರ್ಧ. ಅಂದರೆ ಒಂದು ಉದ್ದ ಒಂದು ವೇಗಕ್ಕಷ್ಟೇ ಒಗ್ಗುತ್ತದೆ. ಎಲ್ಲ ವೇಗಕ್ಕೂ ಒಳ್ಳೆಯದಾದ ಹೆಡರ್ ಅಂತ ಒಂದಿಲ್ಲ. ಜಾಹೀರಾತಿನವರು ಏನೇ ಹೇಳಲಿ.

ಈ ಅಲೆಯನ್ನು ಪಳಗಿಸಿದವರಲ್ಲಿ ಹೆಸರಾದವನು ಪೂರ್ವ ಜರ್ಮನಿಯ ಎಂಝಡ್ ಮೋಟಾರ್ ಸೈಕಲ್ ಕಾರ್ಖಾನೆಯ ವಾಲ್ಟರ್ ಕಾಡೆನ್. ಟೂ-ಸ್ಟ್ರೋಕ್ ಎಂಜಿನ್ನಿನ ಹೊಗೆಕೊಳವೆಯ ಉಬ್ಬು ಮತ್ತು ಉದ್ದವನ್ನು ಲೆಕ್ಕಹಾಕಿ ತಿದ್ದಿ, 1961ರ ಹೊತ್ತಿಗೆ 125 ಸಿಸಿ ರೇಸ್ ಎಂಜಿನ್ನಿನಿಂದ 25 ಅಶ್ವಶಕ್ತಿ ಹೊರಡಿಸಿದ್ದ. ಲೀಟರಿಗೆ 200 ಅಶ್ವಶಕ್ತಿ ಎಂಬುದು ಆ ಕಾಲಕ್ಕೆ ನಂಬಲಾಗದ ಮಾತು. ಅದೇ ವರ್ಷ ಅವನ ಸವಾರ ಅರ್ನ್‌ಸ್ಟ್ ಡೆಗ್ನರ್ ಸ್ವೀಡನ್ನಿನ ರೇಸಿಗೆ ಹೋದಾಗ ಪಶ್ಚಿಮಕ್ಕೆ ಓಡಿಹೋಗಿ, ಕೊಳವೆಯ ಗುಟ್ಟಿನ ಸಮೇತ ಜಪಾನಿನ ಸುಜುಕಿ ಸೇರಿಕೊಂಡ. 1962ರಲ್ಲಿ 50 ಸಿಸಿ ವಿಶ್ವ ಪಟ್ಟ ಸುಜುಕಿಯ ಪಾಲಾಯಿತು. ಕೊಳವೆಯ ಆಕಾರ ರಾಷ್ಟ್ರರಹಸ್ಯದ ಮಟ್ಟಕ್ಕೇರಿದ ಕಾಲ ಅದು. ಕಾರಿನ ಫೋರ್-ಸ್ಟ್ರೋಕ್ ಎಂಜಿನ್ನಿನಲ್ಲಿ ಲಾಭ ಇಷ್ಟು ದೊಡ್ಡದಲ್ಲ. ಕಂಪನಿಯ ಎಂಜಿನ್ನಿಗೆ ಬೇರೇನೂ ಮಾಡದೆ ಹೆಡರ್ ಮಾತ್ರ ಹಾಕಿದರೆ ಸಿಗುವುದು ಶಕ್ತಿಯಲ್ಲಿ ಕೆಲವೇ ಶೇಕಡಾ ಏರಿಕೆ.

ಹಾಗಿದ್ದರೂ ಎಂಜಿನ್ ಬದಲಿಸುವವರಿಗೆ ಹೆಡರ್ ಬೇಕೇ ಬೇಕಾಗುವುದು ಶಕ್ತಿಗಾಗಿ ಅಲ್ಲ, ಜಾಗಕ್ಕಾಗಿ. ಇಂದು ಅಮೆರಿಕದಲ್ಲಿ ಈ ಕೆಲಸಕ್ಕೆ ಅತಿ ಹೆಚ್ಚು ಬಳಕೆಯಾಗುವುದು ಜನರಲ್ ಮೋಟಾರ್ಸಿನ ಎಲ್ಎಸ್ ಮನೆತನದ ವಿ-8. 5.7 ಲೀಟರಿನ ಎಲ್ಎಸ್1 ಮೊದಲು ಬಂದದ್ದು 1997ರ ಕಾರ್ವೆಟ್ ಕಾರಿನಲ್ಲಿ. 1999ರಿಂದ ಇದರ ಬೀಡುಕಬ್ಬಿಣದ ತಮ್ಮಂದಿರು ಪಿಕಪ್ ಟ್ರಕ್ಕುಗಳಿಗೆ ಬಂದವು. ಟ್ರಕ್ಕುಗಳು ಹಳತಾಗಿ ಗುಜರಿ ಸೇರಿದಂತೆ 5.3 ಲೀಟರಿನ ಎಂಜಿನ್ನು ಬೇಕಾದಷ್ಟು ಸಿಗತೊಡಗಿತು. ಕ್ಯಾಮ್‌ಶಾಫ್ಟ್ ಬ್ಲಾಕಿನೊಳಗೇ ಇರುವುದರಿಂದ ಸಿಲಿಂಡರುಗಳನ್ನು ಮುಚ್ಚುವ ಹೆಡ್ಡುಗಳು ಕಿರಿದು. ಆದ್ದರಿಂದ ಶಕ್ತಿಗೆ ಹೋಲಿಸಿದರೆ ಮೈ ಸಣ್ಣದು. ಒಂದು ಟನ್ನಿನ ಆಸುಪಾಸು ತೂಗುವ ಮಜ್ದಾ ಮಿಯಾಟಾ ಕಾರಿನಲ್ಲೂ ಜನ ಇದನ್ನು ತುರುಕಿದ್ದಾರೆ.

ಎಂಜಿನ್ ತೂರಿತು, ಸರಿ. ಆದರೆ ವಿ-8ರ ಹೊಗೆ ಹೊರಡುವುದು ಎರಡೂ ಪಕ್ಕೆಗಳಿಂದ. ಸ್ಟಿಯರಿಂಗ್ ಶಾಫ್ಟ್, ಚಾಸಿಯ ಉಕ್ಕಿನ ತೊಲೆ, ಸ್ಟಾರ್ಟರ್ ಮೋಟಾರು, ಆಯಿಲ್ ಫಿಲ್ಟರ್, ಕ್ಲಚ್ಚಿನ ಪೈಪು, ಬ್ರೇಕ್ ಲೈನು ಎಲ್ಲ ಸಾಲಾಗಿ ಕೂತಿರುವುದೂ ಅಲ್ಲೇ. ಅಮೆರಿಕದ ತಯಾರಕರು ಸ್ಟಿಯರಿಂಗ್ ಎಡಕ್ಕಿದೆ ಎಂದುಕೊಂಡು ಮಾಡಿದ ಹೆಡರನ್ನು ಆಸ್ಟ್ರೇಲಿಯಾದಂಥ ಬಲ ಸ್ಟಿಯರಿಂಗ್ ದೇಶದಲ್ಲಿ ತರಿಸಿಕೊಂಡವರಿಗೆ ಬಲಬದಿಯ ಕೊಳವೆ ನೇರ ಶಾಫ್ಟಿಗೆ ಬಡಿದು ನಿಲ್ಲುವುದು ಹೊಸತೇನಲ್ಲ. ಆಗ ಶಾಫ್ಟಿಗೆ ಇನ್ನೊಂದು ಯೂನಿವರ್ಸಲ್ ಜಾಯಿಂಟ್ ಸೇರಿಸಿ ದಾರಿ ತಿರುಗಿಸುತ್ತಾರೆ. ಜಾಯಿಂಟುಗಳು ಮೂರಾದರೆ ನಡುವೆ ಬೇರಿಂಗಿನ ಆಸರೆ ಕೊಡಲೇಬೇಕು, ಇಲ್ಲದಿದ್ದರೆ ಶಾಫ್ಟ್ ಚಕ್ರ ತಿರುಗಿಸುವ ಬದಲು ತಾನೇ ಅತ್ತಿತ್ತ ಮಡಚಿಕೊಳ್ಳುತ್ತದೆ. ಇದರಲ್ಲಿ ಜುಗಾಡ್ ಸಲ್ಲದು.

ಇಲ್ಲಿ ಪುಸ್ತಕದ ವಿಜ್ಞಾನ ಅರ್ಧ ದಾರಿಯಲ್ಲೇ ಕೈಬಿಡುತ್ತದೆ. ಸಿದ್ಧಾಂತ ಒಂದು ಬದಿಯ ನಾಲ್ಕೂ ಕೊಳವೆ ಒಂದೇ ಉದ್ದ ಇರಬೇಕೆನ್ನುತ್ತದೆ, ಶಾಫ್ಟ್ ಆಗದು ಎನ್ನುತ್ತದೆ. ಅದೂ ಅಲ್ಲದೆ ಎಲ್ಎಸ್ ಎಂಜಿನ್ನಿನಲ್ಲಿ ಕಿಡಿ ಹೊತ್ತುವ ಸರದಿ 1-8-7-2-6-5-4-3. ಬೆಸ ಸಂಖ್ಯೆಯ ಸಿಲಿಂಡರುಗಳು ಒಂದು ಬದಿ, ಸಮ ಸಂಖ್ಯೆಯವು ಇನ್ನೊಂದು ಬದಿ. ಸರದಿಯನ್ನು ಬೆರಳಲ್ಲಿ ಎಣಿಸಿ ನೋಡಿ: 2 ಮತ್ತು 6 ಒಂದೇ ಬದಿಯಲ್ಲಿ ಬೆನ್ನುಬೆನ್ನಿಗೆ ಉರಿಯುತ್ತವೆ, 3 ಮತ್ತು 1 ಕೂಡ. ಹಾಗಾಗಿ ಒಂದು ಬದಿಯ ಕಲೆಕ್ಟರಿಗೆ ಸಿಡಿತಗಳು ಸಮ ಅಂತರದಲ್ಲಿ ಬರುವುದಿಲ್ಲ. 90 ಡಿಗ್ರಿಗೊಮ್ಮೆ, 180ಕ್ಕೊಮ್ಮೆ, 270ಕ್ಕೊಮ್ಮೆ ಹೀಗೆ ಎಡವುತ್ತ ಬರುತ್ತವೆ. ಅಮೆರಿಕನ್ ವಿ-8ರ ಆ ಗುಡುಗುಡು ಸದ್ದು ಈ ಎಡವಾಟದ್ದೇ. ಇದನ್ನು ಸರಿಪಡಿಸುವ ಒಂದು ಉಪಾಯ, ಎಡಬದಿಯ ಎರಡು ಕೊಳವೆಗಳನ್ನು ಬಲಕ್ಕೂ ಬಲಬದಿಯ ಎರಡನ್ನು ಎಡಕ್ಕೂ ದಾಟಿಸುವುದು. 1960ರ ದಶಕದ ಫೋರ್ಡ್ ಜಿಟಿ40 ರೇಸ್ ಕಾರಿನ ಹಿಂಬದಿಯಲ್ಲಿ ಹೆಣೆದುಕೊಂಡು ಮಲಗಿರುವ ಬಿಳಿ ಕೊಳವೆಗಳ ಗಂಟು ಇದೇ. ಅದರ ಎಂಜಿನ್ ಚಾಲಕನ ಬೆನ್ನ ಹಿಂದಿತ್ತು, ಮೇಲೆ ಜಾಗವಿತ್ತು, ನಡೆಯಿತು. ಮುಂದೆ ಎಂಜಿನ್ ಇರುವ ಮನೆಯ ಕಾರಿನಲ್ಲಿ ಇಂಥ ಆಸೆ ಬಿಡುವುದೇ ಜಾಣತನ.

ಹಾಗೆ ನೋಡಿದರೆ ಉದ್ದದಲ್ಲಿ ಅಷ್ಟಿಷ್ಟು ಹೆಚ್ಚುಕಡಿಮೆಯಾದರೆ, ಶಾಫ್ಟಿಗೆ ದಾರಿ ಬಿಡಲು ಕೊಳವೆಯನ್ನು ಒಂದೆಡೆ ಸ್ವಲ್ಪ ತಗ್ಗಿಸಿದರೆ ಆಕಾಶ ಕಳಚಿ ಬೀಳುವುದಿಲ್ಲ. ಎಂಜಿನ್ ಮಾಸ್ಟರ್ಸ್ ಎಂಬ ಅಮೆರಿಕನ್ ಕಾರ್ಯಕ್ರಮದವರು ಹೆಡರಿನ ಕೊಳವೆಗಳನ್ನು ಬೇಕೆಂದೇ ಸುತ್ತಿಗೆಯಲ್ಲಿ ಜಜ್ಜಿ ಡೈನೋ ಯಂತ್ರದಲ್ಲಿ ಎಂಜಿನ್ನಿನ ಶಕ್ತಿ ಅಳೆದಿದ್ದರು. ಸಣ್ಣಪುಟ್ಟ ತಗ್ಗುಗಳಿಂದ ಹೇಳಿಕೊಳ್ಳುವಂಥ ನಷ್ಟ ಕಾಣಲಿಲ್ಲ. ಮನೆಯ ಗ್ಯಾರೇಜಿನಲ್ಲಿ ಹೆಡರನ್ನು ಗೆಲ್ಲಿಸುವುದು ಅಥವಾ ಸೋಲಿಸುವುದು ಅಲೆಯ ಲೆಕ್ಕವಲ್ಲ. ಅದು ಸಂದಿಗೆ ಹೊಂದಿತೇ, ಸೋರದೆ ಕೂತಿತೇ, ಸುತ್ತಲಿನದನ್ನು ಸುಡದೆ ಬಿಟ್ಟಿತೇ ಎಂಬುದಷ್ಟೇ.

ಅನುಭವಿಗಳು ಅದಕ್ಕೇ ಎಂಜಿನ್ ಮೌಂಟುಗಳಿಗೆ ಕೊನೆಯ ವೆಲ್ಡಿಂಗ್ ಮಾಡುವ ಮೊದಲೇ ಹೆಡರ್ ತಂದಿಟ್ಟುಕೊಳ್ಳುತ್ತಾರೆ. ಎಂಜಿನ್ ಒಂದು ಸೆಂಟಿಮೀಟರ್ ಹಿಂದೆ ಸರಿದರೆ ಸಾಕು, ಶಾಫ್ಟಿನ ಸಮಸ್ಯೆ ಮಾಯವಾಗಿ ಸ್ಟಾರ್ಟರಿನ ಸಮಸ್ಯೆ ಹುಟ್ಟಬಹುದು. ಎಂಜಿನ್ ಓಡುವಾಗ ರಬ್ಬರ್ ಮೌಂಟುಗಳ ಮೇಲೆ ಅಲುಗುವುದರಿಂದ ಕೊಳವೆಗೂ ಚಾಸಿಗೂ ನಡುವೆ ಬೆರಳು ತೂರುವಷ್ಟಾದರೂ ಸಂದಿ ಬೇಕು. ಎಷ್ಟೋ ಕಾರುಗಳಲ್ಲಿ ಹೆಡರ್ ಮೇಲಿನಿಂದ ಇಳಿಯುವುದೇ ಇಲ್ಲ. ಎಂಜಿನ್ನನ್ನು ಸರಪಳಿಯಲ್ಲಿ ಒಂದಿಷ್ಟು ಎತ್ತಿ ಹಿಡಿದು, ಸ್ಪಾರ್ಕ್ ಪ್ಲಗ್ಗು ಬಿಚ್ಚಿ, ಕೆಳಗಿನಿಂದ ತಿರುಚಿ ಏರಿಸಬೇಕು. ಆಯಿಲ್ ಅಳೆಯುವ ಕಡ್ಡಿಯ ಕೊಳವೆ ಕೊನೆಯಲ್ಲಿ ನೆನಪಾದರೆ ಮತ್ತೆ ಎಲ್ಲ ಬಿಚ್ಚುವುದೇ. ಸ್ವತಃ ಹೆಡರ್ ಮಾಡಿಕೊಳ್ಳುವವರು ಕೊಳವೆ ಕತ್ತರಿಸುವ ಮುನ್ನ ಒಂದಕ್ಕೊಂದು ಸಿಕ್ಕಿಸುವ ಪ್ಲಾಸ್ಟಿಕ್ ತುಂಡುಗಳಿಂದ ಇಡೀ ದಾರಿಯನ್ನು ಕಟ್ಟಿ ನೋಡುತ್ತಾರೆ. ವೆಲ್ಡಿಂಗ್ ಮಾಡುವಾಗ, ಕೊಳವೆಗಳನ್ನು ಎಂಜಿನ್ನಿಗೆ ಬಿಗಿಯುವ ಫ್ಲ್ಯಾಂಜ್ ಪಟ್ಟಿಯನ್ನು ಹಳೆಯ ಹೆಡ್ಡಿಗೆ ಬಿಗಿದೇ ಇಟ್ಟಿರುತ್ತಾರೆ, ಇಲ್ಲದಿದ್ದರೆ ಕಾವಿಗೆ ಅದು ಸೊಟ್ಟಗಾಗಿ ಮುಂದೆ ಜೀವಮಾನವಿಡೀ ಸೋರುತ್ತದೆ.

ಕಾವು ಎಂದಾಗ ಅದರ ಪ್ರತಾಪವನ್ನೂ ಹೇಳಬೇಕು. 80 ಸೆಂಟಿಮೀಟರಿನ ಸ್ಟೇನ್‌ಲೆಸ್ ಕೊಳವೆ 600 ಡಿಗ್ರಿ ಬಿಸಿಯೇರಿದರೆ ಸುಮಾರು 8 ಮಿಲಿಮೀಟರ್ ಉದ್ದವಾಗುತ್ತದೆ. ಮೆದು ಉಕ್ಕು ಸುಮಾರು 6. ಅದಕ್ಕೇ ಕಲೆಕ್ಟರಿನಿಂದಾಚೆ ಪೈಪಿಗೆ ಅಲ್ಲಾಡಲು ಬಿಡುವು ಬೇಕು. ಎಲ್ಎಸ್ ಟ್ರಕ್ ಎಂಜಿನ್ನುಗಳಲ್ಲಿ ಮ್ಯಾನಿಫೋಲ್ಡಿನ ತುದಿಯ ಬೋಲ್ಟುಗಳು ಮುರಿದಿರುವುದು ಗುಜರಿಯಲ್ಲಿ ಎಲ್ಲರಿಗೂ ಗೊತ್ತಿರುವ ಕಾಯಿಲೆ. ಕಾರಣ ಸರಳ. ನೀರು ತಂಪಾಗಿಸುವ ಅಲ್ಯೂಮಿನಿಯಂ ಹೆಡ್ಡು ನೂರು ಡಿಗ್ರಿಯ ಹತ್ತಿರ ನಿಂತು ಒಂದು ಮಿಲಿಮೀಟರಿಗಿಂತ ಕಡಿಮೆ ಹಿಗ್ಗುತ್ತದೆ, ಅದಕ್ಕೆ ಬಿಗಿದ ಅಷ್ಟೇ ಉದ್ದದ ಬೀಡುಕಬ್ಬಿಣದ ಮ್ಯಾನಿಫೋಲ್ಡ್ 500 ಡಿಗ್ರಿ ಮುಟ್ಟಿ ಎರಡೂವರೆ ಮಿಲಿಮೀಟರ್ ಹಿಗ್ಗುತ್ತದೆ. ವರ್ಷಗಟ್ಟಲೆ ಈ ಜಗ್ಗಾಟದಲ್ಲಿ ತುದಿಯ ಬೋಲ್ಟು ಕತ್ತರಿಸಿಹೋಗುತ್ತದೆ. ಮುರಿದು ಒಳಗುಳಿದ ತುಂಡಿನ ಮೇಲೆ ನಟ್ಟೊಂದನ್ನಿಟ್ಟು ವೆಲ್ಡ್ ಮಾಡಿ ಸ್ಪ್ಯಾನರಿನಲ್ಲಿ ತಿರುಗಿಸುವುದು ಹಳೆಯ ಉಪಾಯ. ಉಕ್ಕಿನ ವೆಲ್ಡಿಂಗ್ ಅಲ್ಯೂಮಿನಿಯಂಗೆ ಅಂಟುವುದಿಲ್ಲ, ವೆಲ್ಡಿಂಗಿನ ಕಾವೇ ಹಿಡಿದ ತುಕ್ಕನ್ನು ಸಡಿಲಿಸುತ್ತದೆ. ಹೊಸ ಬೋಲ್ಟುಗಳನ್ನು ನಡುವಿನಿಂದ ತುದಿಯತ್ತ, ಎರಡು ಸುತ್ತಿನಲ್ಲಿ ಬಿಗಿಯಬೇಕು. ಕೊನೆಯ ಬಿಗಿತ ಸುಮಾರು 25 ನ್ಯೂಟನ್ ಮೀಟರ್ ಅಷ್ಟೇ. ತೋಳ್ಬಲ ತೋರಿಸಲು ಇದು ಜಾಗವಲ್ಲ. ಎಂಜಿನ್ ಒಮ್ಮೆ ಕಾದು ಆರಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಬೇಕು.

ಇಷ್ಟಾದರೂ ಎಲ್ಲೋ ಕೂದಲೆಳೆಯ ಸಂದಿ ಉಳಿದಿದ್ದರೆ? ತಣ್ಣಗಿನ ಎಂಜಿನ್ ಚಾಲೂ ಮಾಡಿದಾಗ ಟಿಕ್ ಟಿಕ್ ಸದ್ದು ಬಂದು, ಬಿಸಿಯಾದಂತೆ ಲೋಹ ಹಿಗ್ಗಿ ಅದು ಮರೆಯಾಗುತ್ತದೆ. ಸದ್ದು ಹೋಯಿತೆಂದು ಸುಮ್ಮನಿರುವಂತಿಲ್ಲ. ಹೊಗೆ ಹೊರಕ್ಕೆ ಸೋರುವುದು ನಿಜ, ಆದರೆ ಸಿಡಿತಗಳ ನಡುವಿನ ಒತ್ತಡ ಕುಸಿತದಲ್ಲಿ ಅದೇ ಸಂದಿಯಿಂದ ಹೊರಗಿನ ಗಾಳಿ ಒಳಕ್ಕೂ ನುಗ್ಗುತ್ತದೆ. ಕಲೆಕ್ಟರಿನಲ್ಲಿರುವ ಆಕ್ಸಿಜನ್ ಸೆನ್ಸರ್ ಆ ಗಾಳಿಯನ್ನು ಕಂಡು ಪೆಟ್ರೋಲು ಸಾಲದಾಯಿತೆಂದು ವರದಿ ಮಾಡುತ್ತದೆ, ಕಂಪ್ಯೂಟರು ಅದನ್ನು ನಂಬಿ ಇನ್ನಷ್ಟು ಸುರಿಯುತ್ತದೆ. ಕಾರು ಕಪ್ಪು ಹೊಗೆ ಉಗುಳುತ್ತಿರುತ್ತದೆ, ಸೆನ್ಸರು ಸಾಲದು ಸಾಲದು ಎನ್ನುತ್ತಲೇ ಇರುತ್ತದೆ. ಅಂಥ ಹೊತ್ತಲ್ಲಿ ಮೂರು ಸೆನ್ಸರ್ ಬದಲಿಸಿ ದುಡ್ಡು ಕಳೆಯುವುದಕ್ಕಿಂತ ವ್ಯಾಕ್ಯೂಮ್ ಕ್ಲೀನರಿನ ಗಾಳಿ ಊದುವ ಬಾಯಿಯನ್ನು ಸೈಲೆನ್ಸರಿನ ತುದಿಗೆ ಕಟ್ಟಿ, ಕೀಲುಗಳ ಮೇಲೆಲ್ಲ ಸಾಬೂನು ನೀರು ಚಿಮುಕಿಸಿ ಗುಳ್ಳೆ ನೋಡುವುದು ಮೇಲು. ಸೋರುವ ಹೊಗೆಯಲ್ಲಿ ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದು ಕಾರಿನೊಳಗೆ ಸೇರಿದರೆ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ.

ಇನ್ನು ಕಾನೂನಿನ ಕಡಿವಾಣ. ಕ್ಯಾಲಿಫೋರ್ನಿಯಾದಲ್ಲಿ ಕಾರಿನ ವರ್ಷಕ್ಕಿಂತ ಹಳೆಯ ಎಂಜಿನ್ ಹಾಕುವಂತಿಲ್ಲ, ಹೊಸ ಎಂಜಿನ್ನಿನ ಮಾಲಿನ್ಯ ತಡೆ ಸಲಕರಣೆಗಳೆಲ್ಲ ಜೊತೆಗೆ ಬರಬೇಕು. ನಮ್ಮಲ್ಲಿ ಇನ್ನೂ ಬಿಗಿ. ತಯಾರಕರ ಮೂಲ ವಿವರಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಬದಲಾಯಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ಆಧರಿಸಿ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಬೆಂಗಳೂರಿನ ರಸ್ತೆಯಲ್ಲಿ ವಿ-8 ಕಸರತ್ತು ಮಾಡಹೊರಟರೆ ಆರ್‌ಟಿಒ ಬಿಡುವುದಿಲ್ಲ.

ಆದರೆ ಇದೇ ವಿಜ್ಞಾನವನ್ನು ಕಾನೂನಿಗೆ ಒಳಪಟ್ಟು ಕಲಿಯುವ ದಾರಿ ಹತ್ತಿರದಲ್ಲೇ ಇದೆ. ಬೆಂಗಳೂರಿನ ಆರ್.ವಿ. ಇಂಜಿನಿಯರಿಂಗ್ ಕಾಲೇಜಿನ ಅಶ್ವ ರೇಸಿಂಗ್‌ನಂಥ ವಿದ್ಯಾರ್ಥಿ ತಂಡಗಳು ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಗಳಿಗೆ ಪುಟ್ಟ ರೇಸ್ ಕಾರುಗಳನ್ನು ಕಟ್ಟುತ್ತವೆ. ಪೆಟ್ರೋಲ್ ವಿಭಾಗದಲ್ಲಿ ಎಂಜಿನ್ 710 ಸಿಸಿ ಮೀರುವಂತಿಲ್ಲ, ಒಳಗೆ ಹೋಗುವ ಗಾಳಿಯೆಲ್ಲ 20 ಮಿಲಿಮೀಟರಿನ ಒಂದು ತೂತಿನ ಮೂಲಕವೇ ಹಾಯಬೇಕು. ಮೋಟಾರ್ ಸೈಕಲ್ಲಿಗೆಂದು ಹುಟ್ಟಿದ ಎಂಜಿನ್ನನ್ನು ಅಲ್ಲಿ ಕೂರಿಸಿ, ಅದಕ್ಕೆ ಹೊಸ ಹೆಡರಿನ ಉದ್ದ ಲೆಕ್ಕಹಾಕಿ ಬೆಸೆಯುವುದು ಹುಡುಗ ಹುಡುಗಿಯರದೇ ಕೆಲಸ. ಕಾರು ಕಟ್ಟುವ ಹುಚ್ಚು ಇರುವ ಮಕ್ಕಳು ನಿಮ್ಮ ಮನೆಯಲ್ಲಿದ್ದರೆ, ಕಾಲೇಜು ಆರಿಸುವ ಮುನ್ನ ಅಂಥ ತಂಡವೊಂದರ ವರ್ಕ್‌ಶಾಪಿಗೆ ಒಮ್ಮೆ ಕರೆದುಕೊಂಡು ಹೋಗಿ.