ಕೈಯಲ್ಲಿ ಜಿಪಿಎಸ್, ಕಾಲಡಿಯಲ್ಲಿ ಕಾಡುದಾರಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯಿಂದ ಯುಗಾದಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವವರುಂಟು. ಬಯಲಿನಲ್ಲಿ ದಾರಿ ಕೇಳಲು ಜನ ಸಿಗುತ್ತಾರೆ. ನಲ್ಲಮಲ ಕಾಡಿನಲ್ಲಿ ಗುಂಪು ತಪ್ಪಿದರೆ ಬಿಸಿಲು, ನೀರಡಿಕೆಗಳಿಂದ ಪ್ರಾಣಕ್ಕೇ ಸಂಚಕಾರ. ಅಲ್ಲಿ ಕೈಯಲ್ಲಿ ಹಿಡಿಯುವ ಜಿಪಿಎಸ್ ಉಪಕರಣ ಬಹೂಪಯೋಗಿ. ಮೊಬೈಲ್ ಸಿಗ್ನಲ್ ಇಲ್ಲದಿದ್ದರೂ ಕನಿಷ್ಠ 4 ಉಪಗ್ರಹಗಳ ಸಂಕೇತ ದೊರೆತರೆ ನಿಂತ ಸ್ಥಳವನ್ನೂ ನಡೆದು ಬಂದ ಜಾಡನ್ನೂ ತೋರಿಸುತ್ತದೆ.

ಆದರೆ ಕುಂದುಗಳೂ ಇವೆ. ನಮ್ಮ ತೋಟಗಳ ದಟ್ಟ ನೆರಳಿನಲ್ಲಿ ಆಗುವಂತೆಯೇ, ಭೀಮನ ಕೊಳ್ಳದಂಥ ಕಣಿವೆಯಲ್ಲಿ ಆಕಾಶ ಮರೆಯಾಗಿ ಲೆಕ್ಕ ತಪ್ಪಬಹುದು. ಸಾದಾ ಉಪಕರಣ ದಿಕ್ಕನ್ನು ಹೇಳೀತು, ನಡುವಿನ ಕಮರಿಯನ್ನು ಹೇಳದು. ಬ್ಯಾಟರಿ ಮುಗಿದರಂತೂ ಮೂಕ.

ಯಾತ್ರೆ ಹೊರಡುವ ಬೆಳೆಗಾರ ಬಂಧುಗಳಿಗೆ ನಮ್ಮ ಸಲಹೆ ಇಷ್ಟೆ: ಕಾಡು ಹೊಗುವ ಮುನ್ನ ಬಯಲಲ್ಲಿ ನಿಂತು ಆ ಸ್ಥಳವನ್ನು ಉಪಕರಣದಲ್ಲಿ ಗುರುತಿಸಿಟ್ಟುಕೊಳ್ಳಿ, ಹೆಚ್ಚುವರಿ ಬ್ಯಾಟರಿ ಜೊತೆಗಿರಲಿ, ದಾರಿ ಬಲ್ಲ ಹಿರಿಯರ ಸಂಗ ಬಿಡಬೇಡಿ.