ಬೇರೆ ದಡದಲ್ಲೊಂದು ಪ್ರತಿ

ಮಳೆಗಾಲದಲ್ಲಿ ಕಾವೇರಿ ತುಂಬಿ ಹರಿದಾಗ ದುಬಾರೆಯ ಆನೆ ಶಿಬಿರಕ್ಕೆ ದಾಟಿಸುವ ದೋಣಿ ದಡದಲ್ಲೇ ನಿಲ್ಲುತ್ತದೆ. 2018 ಮತ್ತು 2019ರ ಆಗಸ್ಟ್ ತಿಂಗಳ ನೆರೆಯನ್ನು ಕಂಡ ಕೊಡಗಿನವರಿಗೆ, ಮನೆಯೊಳಗೆ ನೀರು ಹೊಕ್ಕರೆ ಗಣಕಯಂತ್ರವೂ ಉಳಿಯದೆಂಬುದನ್ನು ಬೇರೆ ಹೇಳಬೇಕಿಲ್ಲ.

ವಿಂಡೋಸ್ ಯಂತ್ರಗಳಲ್ಲಿ ‘ರಿಸ್ಟೋರ್ ಪಾಯಿಂಟ್’ ಎಂಬ ಸೌಕರ್ಯವುಂಟು. ಹೊಸ ತಂತ್ರಾಂಶದಿಂದ ಯಂತ್ರ ಹದಗೆಟ್ಟರೆ, ಅದರ ವ್ಯವಸ್ಥೆಯನ್ನು ಮೊದಲು ಗುರುತಿಟ್ಟ ದಿನದ ಸ್ಥಿತಿಗೆ ಅದು ಒಯ್ಯುತ್ತದೆ. ಆದರೆ ಅಳಿಸಿಹೋದ ಮದುವೆಯ ಚಿತ್ರಗಳನ್ನು ಮರಳಿ ತಾರದು. ಮೇಲಾಗಿ ಅದರ ವಾಸವೂ ಅದೇ ಡಿಸ್ಕಿನಲ್ಲಿ. ಡಿಸ್ಕು ಹೋದರೆ ಅದೂ ಹೋಯಿತು.

ಆದುದರಿಂದ ವಾಚಕರೇ, ಚಿತ್ರಗಳನ್ನೂ ಕಾಗದಪತ್ರಗಳನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡಿರಿ. ಇನ್ನೊಂದು ಪ್ರತಿಯನ್ನು ಬೇರೆ ಊರಿನ ಬಂಧುಗಳ ಮನೆಯಲ್ಲಿಡಿರಿ. ಅವು ಸರಿಯಾಗಿ ತೆರೆಯುವುವೇ ಎಂದು ಆಗಾಗ ಪರೀಕ್ಷಿಸಿರಿ. ಹೊಳೆ ಏರಿದ ಮೇಲೆ ದೋಣಿ ಹುಡುಕಿ ಫಲವೇನು?